ಯೇಸು ಆಚರಿಸಿದ ಹಬ್ಬಗಳು ನಮಗೆ ಏನಾಗಬೇಕು? – ಓದುಗರ ಪ್ರಶ್ನೆಗಳಿಗೆ ಉತ್ತರ

ಬೈಬಲಿನ ಯಾಜಕಕಾಂಡದ 23ನೇ ಅಧ್ಯಾಯದಲ್ಲಿ ಬರುವ ಯೆಹೂದ್ಯರ ಹಬ್ಬಗಳ ಪಟ್ಟಿಯನ್ನು ಕಳೆದ ಸಂಚಿಕೆಯಲ್ಲಿ ಕೊಟ್ಟಿದ್ದೆವು. ಪಸ್ಕ (ಐಗುಪ್ತದ ದಾಸತ್ವದಿಂದ ಬಿಡುಗಡೆಯಾದದ್ದನ್ನು ನೆನೆಯುವ ಹಬ್ಬ), ಹುಳಿಯಿಲ್ಲದ ರೊಟ್ಟಿಯ ಹಬ್ಬ, ಪ್ರಥಮಫಲ, ವಾರಗಳ ಹಬ್ಬ, ತುತೂರಿಯ ದಿನ, ದೋಷಪರಿಹಾರದ ದಿನ, ಪರ್ಣಶಾಲೆಗಳ ಹಬ್ಬ. ಅದನ್ನು ಓದಿ ತುಂಬಾ ಜನ ಬರೆದಿದ್ದಾರೆ. ಒಂದೇ ಥರದ ಪ್ರಶ್ನೆಗಳನ್ನು ಒಟ್ಟುಮಾಡಿ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಈ ಹಬ್ಬಗಳೆಲ್ಲ ಯೇಸು ಬಂದ ಮೇಲೆ ಮುಗಿದವು ಎಂದು ನಮ್ಮ ಸಭೆಯಲ್ಲಿ ಹೇಳುತ್ತಾರೆ. ಹಾಗಿದ್ದ ಮೇಲೆ ಇವನ್ನು ತಿಳಿದು ನಮಗೇನು ಲಾಭ? – ಹಾಸನದ ಓದುಗರು

ಉತ್ತರ: ಲಾಭ ಇದೆ. ತುಂಬಾ ಇದೆ. ಮೊದಲ ಕಾರಣ, ಯೇಸು ಈ ಹಬ್ಬಗಳ ಒಳಗೇ ಬೆಳೆದವರು. ಪ್ರತಿ ವರ್ಷ ಪಸ್ಕಕ್ಕೆ ಅವರ ತಂದೆತಾಯಿ ಜೆರುಸಲೇಮಿಗೆ ಹೋಗುತ್ತಿದ್ದರು, ಹನ್ನೆರಡು ವರ್ಷದವರಿದ್ದಾಗ ಅವರೂ ಹೋಗಿದ್ದರು ಎಂದು ಲೂಕ ಬರೆಯುತ್ತಾನೆ. ಯೋಹಾನನ ಸುವಾರ್ತೆಯನ್ನಂತೂ ಹಬ್ಬಗಳನ್ನು ಬಿಟ್ಟು ಓದಲು ಆಗುವುದೇ ಇಲ್ಲ. ಎರಡನೇ ಅಧ್ಯಾಯದಲ್ಲಿ ಪಸ್ಕ, ಆರರಲ್ಲಿ ಮತ್ತೆ ಪಸ್ಕ, ಏಳರಲ್ಲಿ ಪರ್ಣಶಾಲೆಗಳ ಹಬ್ಬ, ಹತ್ತರಲ್ಲಿ ದೇವಾಲಯ ಪ್ರತಿಷ್ಠೆಯ ಹಬ್ಬ, ಹನ್ನೊಂದರಿಂದ ಕೊನೆಯ ಪಸ್ಕ. ಕಥೆ ಹಬ್ಬದಿಂದ ಹಬ್ಬಕ್ಕೆ ನಡೆಯುತ್ತದೆ.

ಏಳನೇ ಅಧ್ಯಾಯವನ್ನೇ ತೆಗೆದುಕೊಳ್ಳಿ. ಹಬ್ಬದ ಕೊನೆಯ ದಿನ ಯೇಸು ಎದ್ದು ನಿಂತು, ಯಾರಿಗಾದರೂ ಬಾಯಾರಿಕೆಯಾಗಿದ್ದರೆ ನನ್ನ ಬಳಿಗೆ ಬಂದು ಕುಡಿಯಲಿ ಎಂದು ಕೂಗಿ ಹೇಳುತ್ತಾರೆ. ನಾವು ಅದನ್ನು ಒಂದು ಒಳ್ಳೆಯ ಮಾತು ಎಂದು ಓದಿ ಮುಂದೆ ಹೋಗುತ್ತೇವೆ. ಅಂದು ಅಲ್ಲಿ ನಿಂತಿದ್ದವರಿಗೆ ಅದು ಹೇಗೆ ಕೇಳಿಸಿರಬೇಕು ನೋಡಿ. ಆ ದೇಶದಲ್ಲಿ ಸುಮಾರು ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಮಳೆಯೇ ಇಲ್ಲವೆನ್ನಬೇಕು. ಪರ್ಣಶಾಲೆಗಳ ಹಬ್ಬ ಬರುವುದು ಆ ಒಣ ತಿಂಗಳುಗಳ ಕೊನೆಗೆ, ತೊಟ್ಟಿಗಳೆಲ್ಲ ತಳ ಕಂಡು ಜನ ಆಕಾಶ ನೋಡುವ ಹೊತ್ತಿಗೆ. ಹಬ್ಬದ ಏಳು ದಿನವೂ ಸಿಲೊವಾ ಕೊಳದಿಂದ ಚಿನ್ನದ ಹೂಜಿಯಲ್ಲಿ ನೀರು ತುಂಬಿಸಿ, ತುತೂರಿ ಊದುತ್ತಾ ದೇವಾಲಯಕ್ಕೆ ತಂದು ಬಲಿಪೀಠದ ಮೇಲೆ ಸುರಿಯುತ್ತಿದ್ದರು ಎಂದು ಮಿಷ್ನಾ ಹೇಳುತ್ತದೆ. ಮಿಷ್ನಾ ಅಂದರೆ ಯೆಹೂದ್ಯ ಗುರುಗಳ ಮೌಖಿಕ ಪರಂಪರೆಯನ್ನು ಸುಮಾರು ಕ್ರಿ.ಶ. 200ರಲ್ಲಿ ಒಟ್ಟುಮಾಡಿದ ಗ್ರಂಥ. ಮಳೆಗಾಗಿ ನೀರು ಸುರಿದು ಬೇಡಿಕೊಳ್ಳುವ ಹಬ್ಬದಲ್ಲಿ, ಆ ಜನರ ನಡುವೆ, ಒಬ್ಬರು ಎದ್ದು ನನ್ನ ಬಳಿಗೆ ಬನ್ನಿ ಎಂದು ಕೂಗುತ್ತಾರೆ. ಮೈ ಜುಂ ಅನ್ನುವುದಿಲ್ಲವೇ?

ಇನ್ನೂ ಇದೆ. ಅದೇ ಹಬ್ಬದ ರಾತ್ರಿಗಳಲ್ಲಿ ದೇವಾಲಯದ ಹೆಂಗಸರ ಅಂಗಳದಲ್ಲಿ ಎತ್ತರದ ಚಿನ್ನದ ದೀಪಸ್ತಂಭಗಳನ್ನು ಹೊತ್ತಿಸುತ್ತಿದ್ದರು. ಬತ್ತಿಗಳನ್ನು ಯಾಜಕರ ಹಳೆಯ ಬಟ್ಟೆ ಹರಿದು ಮಾಡುತ್ತಿದ್ದರು. ಆ ಬೆಳಕು ಬೀಳದ ಅಂಗಳ ಜೆರುಸಲೇಮಿನಲ್ಲೇ ಇರಲಿಲ್ಲವಂತೆ. ಈಗ ಯೋಹಾನ 8:12 ತೆರೆಯಿರಿ. ನಾನೇ ಲೋಕಕ್ಕೆ ಬೆಳಕು ಎಂಬ ಮಾತು ಅಲ್ಲಿದೆ. ಒಂಬತ್ತನೇ ಅಧ್ಯಾಯದಲ್ಲಿ ಹುಟ್ಟುಕುರುಡನನ್ನು ತೊಳೆದುಕೊಳ್ಳಲು ಕಳುಹಿಸಿದ್ದೂ ಅದೇ ಸಿಲೊವಾ ಕೊಳಕ್ಕೆ. 2004ರಲ್ಲಿ ಜೆರುಸಲೇಮಿನಲ್ಲಿ ಒಳಚರಂಡಿ ಪೈಪಿನ ಕೆಲಸ ನಡೆಯುವಾಗ ಆ ಕಾಲದ ಕೊಳದ ಮೆಟ್ಟಿಲುಗಳು ಸಿಕ್ಕವು. ಹಬ್ಬ ಗೊತ್ತಿಲ್ಲದೆ ಓದಿದರೆ ಈ ಮೂರು ಅಧ್ಯಾಯಗಳು ಬಿಡಿಬಿಡಿ ಮಾತುಗಳಾಗಿ ಉಳಿಯುತ್ತವೆ.

ಪ್ರಶ್ನೆ: ಕ್ರಿಸ್‌ಮಸ್ ಪ್ರತಿ ವರ್ಷ ಒಂದೇ ತಾರೀಖಿಗೆ ಬರುತ್ತದೆ. ಈಸ್ಟರ್ ಮಾತ್ರ ಯಾಕೆ ಓಡಾಡುತ್ತದೆ? – ಮೈಸೂರಿನ ಓದುಗರು

ಉತ್ತರ: ಅದರ ಬೇರು ಪಸ್ಕದಲ್ಲಿದೆ, ಪಸ್ಕದ ಬೇರು ಚಂದ್ರನಲ್ಲಿದೆ. ಯೆಹೂದ್ಯರ ತಿಂಗಳು ಅಮಾವಾಸ್ಯೆ ಕಳೆದು ಚಂದ್ರ ಕಾಣುವಾಗ ಶುರುವಾಗುತ್ತದೆ. ಪಸ್ಕ ನಿಸಾನ್ ತಿಂಗಳ ನಡುವೆ, ಹುಣ್ಣಿಮೆಗೆ. ಹನ್ನೆರಡು ಚಾಂದ್ರಮಾನ ತಿಂಗಳು ಸೇರಿದರೆ 354 ದಿನ ಮಾತ್ರ ಆಗುತ್ತದೆ. ಹೀಗೇ ಬಿಟ್ಟರೆ ವಸಂತದ ಹಬ್ಬ ಚಳಿಗಾಲಕ್ಕೆ ಜಾರುತ್ತದೆ. ಅದಕ್ಕೆ 19 ವರ್ಷಕ್ಕೆ 7 ಸಲ ಒಂದು ಹೆಚ್ಚುವರಿ ತಿಂಗಳು ಸೇರಿಸುತ್ತಾರೆ. ಅಧಿಕ ಮಾಸ ಗೊತ್ತಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಯುಗಾದಿ ಓಡಾಡುವುದೂ ಇದೇ ಲೆಕ್ಕದಿಂದ ಅಲ್ವಾ?

ಯೇಸು ಶಿಲುಬೆಗೇರಿದ್ದು ಪಸ್ಕದ ಸಮಯದಲ್ಲಿ. ಆದ್ದರಿಂದ ಏಷ್ಯಾ ಮೈನರಿನ ಮೊದಲ ಕ್ರೈಸ್ತರು ನಿಸಾನ್ 14 ವಾರದ ಯಾವ ದಿನ ಬಂದರೂ ಅಂದೇ ಆಚರಿಸುತ್ತಿದ್ದರು. ರೋಮಿನವರು ಭಾನುವಾರವೇ ಆಗಬೇಕು ಎನ್ನುತ್ತಿದ್ದರು. ಸುಮಾರು ಕ್ರಿ.ಶ. 155ರಲ್ಲಿ ಸ್ಮುರ್ನದ ಮುದಿ ಬಿಷಪ್ ಪಾಲಿಕಾರ್ಪ್ ರೋಮಿಗೆ ಹೋಗಿ ಅಲ್ಲಿನ ಬಿಷಪ್ ಅನಿಸೇಟಸ್ ಜೊತೆ ಇದನ್ನು ಚರ್ಚಿಸಿದರು. ಇಬ್ಬರೂ ತಮ್ಮ ಪಟ್ಟು ಬಿಡಲಿಲ್ಲ. ಆದರೂ ಒಟ್ಟಿಗೆ ಪ್ರಭುಭೋಜನದಲ್ಲಿ ಸೇರಿ, ಸಮಾಧಾನದಿಂದ ಬೀಳ್ಕೊಂಡರು. ಸಭೆಯ ಇತಿಹಾಸದಲ್ಲಿ ನನಗೆ ತುಂಬಾ ಇಷ್ಟವಾದ ಘಟನೆಗಳಲ್ಲಿ ಇದೊಂದು. ಸುಮಾರು 190ರಲ್ಲಿ ರೋಮಿನ ಬಿಷಪ್ ವಿಕ್ಟರ್ ಇದೇ ವಿಷಯಕ್ಕೆ ಏಷ್ಯಾದ ಸಭೆಗಳನ್ನು ಹೊರಗೆ ಹಾಕಲು ಹೊರಟಾಗ ಲಿಯೋನಿನ ಬಿಷಪ್ ಐರೇನಿಯಸ್ ಬೇಡವೆಂದು ಬುದ್ಧಿ ಹೇಳಿದಾಗ, ಎತ್ತಿಕೊಂಡಿದ್ದು ಪಾಲಿಕಾರ್ಪ್ ಮತ್ತು ಅನಿಸೇಟಸ್ ಅವರ ಈ ಉದಾಹರಣೆಯನ್ನೇ.

325ರ ನೈಸಿಯಾ ಸಮ್ಮೇಳನದಲ್ಲಿ ಎಲ್ಲರೂ ಒಂದೇ ಭಾನುವಾರ ಆಚರಿಸಬೇಕು, ಯೆಹೂದ್ಯರ ಲೆಕ್ಕ ನೋಡಬೇಕಾಗಿಲ್ಲ ಎಂದು ತೀರ್ಮಾನವಾಯಿತು. ಮುಂದೆ ಮಾರ್ಚ್ 21 ಅಥವಾ ಅದರ ನಂತರದ ಹುಣ್ಣಿಮೆ ಕಳೆದು ಬರುವ ಮೊದಲ ಭಾನುವಾರ ಎಂಬ ನಿಯಮ ನೆಲೆಯಾಯಿತು. ಹಾಗಾಗಿ ಕೆಲವು ವರ್ಷ ಎರಡೂ ಹಬ್ಬ ಹತ್ತಿರ ಬರುತ್ತವೆ, ಕೆಲವು ವರ್ಷ ಬೇರೆಯಾಗುತ್ತವೆ. 2024ರಲ್ಲಿ ಈಸ್ಟರ್ ಮಾರ್ಚ್ 31ಕ್ಕೆ ಬಂತು, ಪಸ್ಕ ಶುರುವಾಗಿದ್ದು ಏಪ್ರಿಲ್ 22ರ ಸಂಜೆ.

ಪ್ರಶ್ನೆ: ಈ ಹಬ್ಬಗಳನ್ನು ನಾವು ಆಚರಿಸದಿದ್ದರೆ ಪಾಪವೇ? – ಬೀದರಿನ ಓದುಗರು

ಉತ್ತರ: ಇಲ್ಲ. ಹಬ್ಬ, ಅಮಾವಾಸ್ಯೆ, ಸಬ್ಬತ್ತಿನ ವಿಷಯದಲ್ಲಿ ಯಾರೂ ನಿಮಗೆ ತೀರ್ಪು ಮಾಡದಿರಲಿ ಎಂದು ಕೊಲೊಸ್ಸೆ 2:16ರಲ್ಲಿ ಪೌಲ ಬರೆಯುತ್ತಾನೆ. ಅದೇ ಪೌಲ ಪಂಚಾಶತ್ತಮ ದಿನಕ್ಕೆ, ಅಂದರೆ ವಾರಗಳ ಹಬ್ಬಕ್ಕೆ, ಜೆರುಸಲೇಮಿನಲ್ಲಿರಬೇಕೆಂದು ಅವಸರದಿಂದ ಪ್ರಯಾಣ ಮಾಡಿದ್ದನ್ನು ಅಪೊಸ್ತಲರ ಕೃತ್ಯಗಳು 20:16ರಲ್ಲಿ ಓದಬಹುದು. ಆಚರಿಸುವವರನ್ನು ಹೀಗಳೆಯುವುದೂ ಬೇಡ.

ಪ್ರಶ್ನೆ: ಪವಿತ್ರ ಗುರುವಾರ ನಮ್ಮ ಸಭೆಯಲ್ಲಿ ಯೆಹೂದ್ಯರ ಹಾಗೆ ಪಸ್ಕದ ಊಟ ಏರ್ಪಡಿಸುತ್ತಾರೆ. ಮೂರು ಮತ್ಸಾ (ಹುಳಿಯಿಲ್ಲದ) ರೊಟ್ಟಿ ತ್ರಯೇಕ ದೇವರ ಗುರುತು, ಅದರ ತೂತುಗಳು ಯೇಸುವಿನ ಗಾಯದ ಗುರುತು ಎಂದು ವಿವರಿಸುತ್ತಾರೆ. ಇದು ಸರಿಯೇ? – ಬೆಂಗಳೂರಿನ ಓದುಗರು

ಉತ್ತರ: ಉದ್ದೇಶ ಒಳ್ಳೆಯದು, ವಿವರಣೆ ಸರಿಯಲ್ಲ. ಇವತ್ತು ಯೆಹೂದ್ಯರ ಮನೆಗಳಲ್ಲಿ ನಡೆಯುವ ಪಸ್ಕದ ಊಟದ ಕ್ರಮ ರೂಪ ಪಡೆದದ್ದು ಕ್ರಿ.ಶ. 70ರಲ್ಲಿ ರೋಮನರು ದೇವಾಲಯವನ್ನು ಕೆಡವಿದ ನಂತರ. ಯೇಸುವಿನ ಕಾಲದಲ್ಲಿ ಕುರಿಮರಿಯನ್ನು ದೇವಾಲಯದಲ್ಲಿ ಕೊಯ್ದು, ಮನೆಗೆ ತಂದು, ಸುಟ್ಟು ತಿನ್ನುತ್ತಿದ್ದರು. ದೇವಾಲಯ ಹೋಯಿತು, ಕುರಿಮರಿ ಹೋಯಿತು. ಉಳಿದದ್ದು ರೊಟ್ಟಿ, ಕಹಿಸೊಪ್ಪು, ದ್ರಾಕ್ಷಾರಸ, ಮಕ್ಕಳ ಪ್ರಶ್ನೆಗಳು, ಹಿರಿಯರು ಹೇಳುವ ಕಥೆ. ಆ ದೊಡ್ಡ ನಷ್ಟದಿಂದ ಎದ್ದು ಒಂದು ಜನಾಂಗ ಕಟ್ಟಿಕೊಂಡ ಊಟ ಅದು. ಮೂರು ರೊಟ್ಟಿ ಇಡುವುದು ಆಮೇಲೆ ಬಂದ ಪದ್ಧತಿ. ತೂತು ಹಾಕುವುದು ಹಿಟ್ಟು ಉಬ್ಬದಿರಲಿ ಎಂದು. ಅವರು ಅವರದೇ ಅರ್ಥದಲ್ಲಿ ಇಟ್ಟುಕೊಂಡಿರುವ ವಸ್ತುಗಳಿಗೆ ನಾವು ಹೋಗಿ ಬೇರೆ ಅರ್ಥ ಅಂಟಿಸಿ, ನಿಮಗೇ ಇದು ಗೊತ್ತಿಲ್ಲ ಎಂದು ಹೇಳುವುದು ನನಗೆ ನೋವಿನ ವಿಷಯ.

ಇನ್ನೊಂದನ್ನೂ ಗಮನಿಸಿ. ಕೊನೆಯ ಭೋಜನವೇ ಪಸ್ಕದ ಊಟ ಎಂದು ಮತ್ತಾಯ, ಮಾರ್ಕ, ಲೂಕ ಹೇಳುತ್ತಾರೆ. ಯೋಹಾನನ ಪ್ರಕಾರ ಯೇಸು ಸತ್ತದ್ದು ಪಸ್ಕದ ಸಿದ್ಧತೆಯ ದಿನ, ಊಟ ಇನ್ನೂ ಆಗಿರಲಿಲ್ಲ. ವಿದ್ವಾಂಸರು ಇದನ್ನು ಇವತ್ತಿಗೂ ಚರ್ಚಿಸುತ್ತಾರೆ. ಆದರೆ ಯೋಹಾನ ಏನು ತೋರಿಸುತ್ತಿದ್ದಾನೆ ಎನ್ನುವುದರಲ್ಲಿ ಗೊಂದಲವಿಲ್ಲ. ಹಿಸ್ಸೋಪು ಗಿಡದ ಕೋಲು ಬರುತ್ತದೆ, ಎಲುಬು ಮುರಿಯಲಿಲ್ಲ ಎಂಬ ಮಾತು ಬರುತ್ತದೆ. ಎರಡೂ ವಿಮೋಚನಕಾಂಡ 12ರಲ್ಲಿ ಪಸ್ಕದ ಕುರಿಮರಿಯ ಜೊತೆ ಇರುವ ವಿವರಗಳು.

ಹಾಗಾದರೆ ಏನು ಮಾಡಬಹುದು? ಆ ಸಂಜೆ ವಿಮೋಚನಕಾಂಡ 12 ಮತ್ತು 1 ಕೊರಿಂಥ 11 ಎರಡನ್ನೂ ನಿಧಾನವಾಗಿ ಓದಿ, ಪ್ರಭುಭೋಜನ ಮಾಡಿ. ಪ್ರತಿಯೊಂದು ತಲೆಮಾರಿನವರೂ ತಾವೇ ಐಗುಪ್ತದಿಂದ ಹೊರಟುಬಂದವರೆಂದು ಎಣಿಸಬೇಕು ಎನ್ನುತ್ತದೆ ಮಿಷ್ನಾ. ಯೇಸು ನನ್ನ ನೆನಪಿಗಾಗಿ ಇದನ್ನು ಮಾಡಿರಿ ಎಂದಾಗ ಕೇಳುತ್ತಿದ್ದ ಶಿಷ್ಯರು ನೆನಪನ್ನು ಹೀಗೆ ತಿಂದು ಕುಡಿದು ಉಳಿಸಿಕೊಂಡ ಜನ. ಯೆಹೂದ್ಯರ ಮನೆಯಿಂದ ಊಟಕ್ಕೆ ಕರೆ ಬಂದರೆ ಖಂಡಿತ ಹೋಗಿ, ಸುಮ್ನೆ ಕುಳಿತು ಕೇಳಿ. ನಮ್ಮದೇ ಪದ್ಧತಿಗಳೂ ಇವೆ. ಕೇರಳದ ಸಂತ ತೋಮಸ ಕ್ರೈಸ್ತರ ಮನೆಗಳಲ್ಲಿ ಪವಿತ್ರ ಗುರುವಾರ ರಾತ್ರಿ ಹುಳಿ ಹಾಕದ ಪೆಸಹಾ ಅಪ್ಪ ಮಾಡುತ್ತಾರೆ. ಮನೆಯ ಹಿರಿಯರು ಪ್ರಾರ್ಥಿಸಿ ಅದನ್ನು ಮುರಿದು, ಬೆಲ್ಲ ಹಾಕಿದ ತೆಂಗಿನ ಹಾಲಿನ ಜೊತೆ ಎಲ್ಲರಿಗೂ ಕೊಡುತ್ತಾರೆ. ಸಾವಾದ ಮನೆಯವರು ಆ ವರ್ಷ ಮಾಡುವುದಿಲ್ಲ, ಅಕ್ಕಪಕ್ಕದವರು ತಂದುಕೊಡುತ್ತಾರೆ. ಬೆಳ್ತಂಗಡಿ ಕಡೆ ನೆಲೆಸಿರುವ ಸಿರೋ-ಮಲಬಾರ್ ಕುಟುಂಬಗಳನ್ನು ಕೇಳಿ ನೋಡಿ.

ಪ್ರಶ್ನೆ: ವಸಂತದ ಹಬ್ಬಗಳು ಯೇಸುವಿನ ಮೊದಲ ಬರೋಣದಲ್ಲಿ ನೆರವೇರಿದವು, ಶರತ್ಕಾಲದ ಹಬ್ಬಗಳು ಎರಡನೇ ಬರೋಣದಲ್ಲಿ ನೆರವೇರುತ್ತವೆ ಎಂಬ ವಿಡಿಯೋಗಳು ವಾಟ್ಸಾಪ್‌ನಲ್ಲಿ ಬರುತ್ತಿವೆ. ತುತೂರಿಯ ಹಬ್ಬದಂದೇ ಸಭೆ ಮೇಲಕ್ಕೆ ಎತ್ತಲ್ಪಡುತ್ತದಂತೆ. ನಂಬಬಹುದೇ? – ಶಿವಮೊಗ್ಗದ ಓದುಗರು

ಉತ್ತರ: ತಾರೀಖು ಹೇಳುವ ಯಾವ ವಿಡಿಯೋವನ್ನೂ ನಂಬಬೇಡಿ. 2025ರಲ್ಲಿ ತುತೂರಿಯ ಹಬ್ಬ ಸೆಪ್ಟೆಂಬರ್ 22ರ ಸಂಜೆ ಶುರುವಾಯಿತು. 23, 24ಕ್ಕೆ ಎಲ್ಲ ಆಗಿಹೋಗುತ್ತದೆ ಎಂಬ ಮಾತು ಪ್ರಪಂಚದ ತುಂಬ ಹರಡಿತ್ತು. ಆ ದಿನಗಳೂ ಬಂದು ಹೋದವು. ಅದಕ್ಕೂ ಮುಂಚೆ, 2014 ಮತ್ತು 2015ರಲ್ಲಿ ನಾಲ್ಕು ಪೂರ್ಣ ಚಂದ್ರಗ್ರಹಣಗಳು ಪಸ್ಕಕ್ಕೂ ಪರ್ಣಶಾಲೆಗಳ ಹಬ್ಬಕ್ಕೂ ಸರಿಯಾಗಿ ಬಂದಾಗ ರಕ್ತಚಂದ್ರ ಎಂದು ಹೆದರಿಸಿದರು. ಸ್ವಲ್ಪ ಯೋಚನೆ ಮಾಡಿ. ಚಂದ್ರಗ್ರಹಣ ಹುಣ್ಣಿಮೆಗೆ ಮಾತ್ರ ಆಗುತ್ತದೆ. ಆ ಎರಡು ಹಬ್ಬಗಳೂ ಬರುವುದು ಹುಣ್ಣಿಮೆಗೇ. ಎರಡೂ ಆಗಾಗ ಒಟ್ಟಿಗೆ ಬರುವುದರಲ್ಲಿ ಆಶ್ಚರ್ಯ ಏನಿದೆ?

ಪಸ್ಕವನ್ನು ಯೇಸುವಿಗೆ, ಪ್ರಥಮಫಲವನ್ನು ಅವರ ಪುನರುತ್ಥಾನಕ್ಕೆ ಹೋಲಿಸುವುದು ಪೌಲನೇ ಮಾಡಿದ ಕೆಲಸ, 1 ಕೊರಿಂಥ 5 ಮತ್ತು 15ರಲ್ಲಿದೆ. ಆದರೆ ತುತೂರಿಯ ದಿನಕ್ಕೆ ಯಾಜಕಕಾಂಡದಲ್ಲಿ ಸಿಕ್ಕಿರುವುದು ಮೂರೇ ವಚನ. ಕಾರಣವನ್ನೂ ಹೇಳಿಲ್ಲ. ಅಷ್ಟು ಚಿಕ್ಕ ಜಾಗದ ಮೇಲೆ ಲೋಕಾಂತ್ಯದ ವೇಳಾಪಟ್ಟಿ ಕಟ್ಟುವುದು ವಾಕ್ಯಕ್ಕೆ ಮಾಡುವ ಅನ್ಯಾಯ. ಆ ದಿನವೂ ಆ ಗಳಿಗೆಯೂ ಯಾರಿಗೂ ತಿಳಿಯದು ಎಂದು ಯೇಸುವೇ ಹೇಳಿದ್ದಾರೆ, ಮಾರ್ಕ 13:32. ಇಂಥ ವಿಡಿಯೋ ನೋಡಿ ಕೆಲಸ ಬಿಡುವ, ಆಸ್ತಿ ಮಾರುವ ಯೋಚನೆಯಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಅವರ ಜೊತೆ ಕುಳಿತು ಮಾತಾಡಿ.

ಪ್ರಶ್ನೆ: ಕರಾವಳಿಯಲ್ಲಿ ನಾವು ತೆನೆ ಹಬ್ಬ ಮಾಡುತ್ತೇವೆ. ಇದಕ್ಕೂ ಬೈಬಲಿನ ಪ್ರಥಮಫಲದ ಹಬ್ಬಕ್ಕೂ ಸಂಬಂಧ ಇದೆಯೇ? – ಉಡುಪಿಯ ಓದುಗರು

ಉತ್ತರ: ನೇರ ಸಂಬಂಧ ಇಲ್ಲ. ನೀವು ಹೇಳುವ ತೆನೆ ಹಬ್ಬ, ಅಂದರೆ ಮೊಂತಿ ಹಬ್ಬ, ಸೆಪ್ಟೆಂಬರ್ 8ಕ್ಕೆ, ಮರಿಯಮ್ಮನವರ ಹುಟ್ಟಿದ ದಿನ. ಮಕ್ಕಳು ಹೂ ತರುವುದು, ಹೊಸ ತೆನೆಯ ಆಶೀರ್ವಾದ, ಮನೆಯಲ್ಲಿ ಹೊಸ ಅಕ್ಕಿಯ ಊಟ – ಇವೆಲ್ಲ ಕೊಂಕಣ ಕರಾವಳಿಯ ಗದ್ದೆಗಳಿಂದ ಬಂದವು. ಆದರೆ ಮೊದಲ ತೆನೆ ನನ್ನದಲ್ಲ, ಕೊಟ್ಟವನದು ಎಂಬ ಭಾವ ಎರಡರಲ್ಲೂ ಒಂದೇ. ಹಾಗಾಗಿ ಈ ಪ್ರಶ್ನೆ ಬಂದದ್ದು ನನಗೆ ತುಂಬಾ ಸಂತೋಷ.

ಇಸ್ರಾಯೇಲಿನಲ್ಲಿ ಪಸ್ಕದ ಸಮಯಕ್ಕೆ ಜವೆಗೋದಿ ಕೊಯ್ಲಿಗೆ ಬರುತ್ತದೆ. ಅದರ ಮೊದಲ ಸಿವುಡನ್ನು ಯಾಜಕ ದೇವರ ಮುಂದೆ ಎತ್ತಿ ಆಡಿಸಬೇಕು. ಅಲ್ಲಿಂದ ಏಳು ವಾರ ಎಣಿಸಬೇಕು. ಐವತ್ತನೇ ದಿನ ಗೋದಿಯ ಹಬ್ಬ, ವಾರಗಳ ಹಬ್ಬ. ಅಂದು ಹೊಸ ಹಿಟ್ಟಿನಿಂದ ಮಾಡಿದ ಎರಡು ರೊಟ್ಟಿಗಳನ್ನು ಅರ್ಪಿಸಬೇಕು, ಅದೂ ಹುಳಿ ಹಾಕಿದ ರೊಟ್ಟಿ. ನಾವು ಪಂಚಾಶತ್ತಮ ದಿನ ಎನ್ನುವುದು ಇದನ್ನೇ. ಅಪೊಸ್ತಲರ ಕೃತ್ಯಗಳು 2ರಲ್ಲಿ ಪಾರ್ಥ್ಯರು, ಮೇದ್ಯರು, ಐಗುಪ್ತದವರು, ರೋಮಿನವರು, ಅರಬರು ಎಲ್ಲ ಒಂದೇ ಊರಿನಲ್ಲಿ ಹೇಗೆ ಸೇರಿದ್ದರು ಎಂದು ಕೇಳುವವರಿಗೆ ಉತ್ತರ ಇದು. ಹಬ್ಬಕ್ಕೆ ಬಂದಿದ್ದರು.

ಈಗ ಯಾಜಕಕಾಂಡ 23:22 ನೋಡಿ. ಹಬ್ಬಗಳ ಪಟ್ಟಿ ನಡೆಯುತ್ತಿರುವಾಗ ನಡುವೆ ಇದ್ದಕ್ಕಿದ್ದಂತೆ ಹಬ್ಬಕ್ಕೆ ಸೇರದ ಒಂದು ನಿಯಮ ಬರುತ್ತದೆ. ಪೈರು ಕೊಯ್ಯುವಾಗ ಹೊಲದ ಮೂಲೆಗಳನ್ನು ಪೂರ್ತಿ ಕೊಯ್ಯಬೇಡಿ, ಬಿದ್ದ ತೆನೆ ಆರಿಸಬೇಡಿ, ಅದು ಬಡವರಿಗೂ ಪರದೇಶದವರಿಗೂ ಬಿಡಿ. ಇದನ್ನು ನಾಲ್ಕು ಅಧ್ಯಾಯ ಹಿಂದೆ, 19:9ರಲ್ಲಿ, ಒಮ್ಮೆ ಹೇಳಿಯಾಗಿದೆ. ಮತ್ತೆ ಇಲ್ಲಿ, ಕೊಯ್ಲಿನ ಹಬ್ಬದ ಬೆನ್ನಿಗೇ ಹೇಳುವುದು ನನ್ನ ಮಟ್ಟಿಗೆ ಆಕಸ್ಮಿಕವಲ್ಲ. ದೇವಾಲಯಕ್ಕೆ ಕೊಡುವ ರೊಟ್ಟಿಯನ್ನೂ ಗದ್ದೆಯ ಮೂಲೆಯಲ್ಲಿ ಬಿಡುವ ತೆನೆಯನ್ನೂ ದೇವರು ಒಂದೇ ಉಸಿರಿನಲ್ಲಿ ಕೇಳುತ್ತಾನೆ. ಧರ್ಮೋಪದೇಶಕಾಂಡ 16ರಲ್ಲಿ ಈ ಹಬ್ಬದ ಊಟಕ್ಕೆ ಯಾರ್‍ಯಾರು ಕೂರಬೇಕು ಎಂಬುದೂ ಇದೆ: ಮಗ, ಮಗಳು, ದಾಸ, ದಾಸಿ, ಲೇವಿಯ, ಪರದೇಶದವನು, ತಂದೆಯಿಲ್ಲದ ಮಗು, ವಿಧವೆ.

ಯೆಹೂದ್ಯರು ಈ ಹಬ್ಬದಲ್ಲಿ ಓದುವ ಪುಸ್ತಕ ರೂತಳದು. ಮೋವಾಬಿನ ಹೆಣ್ಣು, ಗಂಡ ಸತ್ತವಳು, ಅತ್ತೆಯ ಹೊಟ್ಟೆ ತುಂಬಿಸಲು ಬೋವಜನ ಹೊಲದಲ್ಲಿ ಬಿದ್ದ ತೆನೆ ಆರಿಸಿದವಳು. ಆ ಮೂಲೆಯನ್ನು ಯಾರೋ ಬಿಟ್ಟಿದ್ದರಿಂದ ಅವಳು ಬದುಕಿದಳು. ಅವಳ ಮರಿಮಗ ದಾವೀದ. ಮತ್ತಾಯ 1:5ರಲ್ಲಿ ಯೇಸುವಿನ ವಂಶಾವಳಿಯಲ್ಲಿ ಅವಳ ಹೆಸರಿದೆ. ನಮ್ಮ ಎಷ್ಟೋ ಸಭೆಗಳಲ್ಲಿ ಕೊಯ್ಲಿನ ಹಬ್ಬಕ್ಕೆ ಬಾಳೆಗೊನೆ, ಕುಂಬಳಕಾಯಿ, ಕೋಳಿ ತಂದು ಹರಾಜು ಹಾಕುತ್ತೇವೆ. ಒಳ್ಳೆಯದೇ, ನಾನು ಬೇಡ ಎನ್ನುವುದಿಲ್ಲ. ಆದರೆ ಆ ಹಣದಲ್ಲಿ ಎಷ್ಟು ಕಟ್ಟಡಕ್ಕೆ ಹೋಯಿತು, ಎಷ್ಟು ಊರಿನ ವಿಧವೆಯರಿಗೆ, ವಲಸೆ ಬಂದ ಕೂಲಿಯವರಿಗೆ ಹೋಯಿತು ಎಂದು ಕಮಿಟಿಯವರನ್ನು ಈ ವರ್ಷ ಕೇಳಿ. ಯಾಜಕಕಾಂಡ 23 ಓದಿದವರಿಗೆ ಕೇಳುವ ಹಕ್ಕಿದೆ.

ಪ್ರಶ್ನೆ: ದೋಷಪರಿಹಾರದ ದಿನ ಯೇಸುವಿನ ಬಲಿಯಿಂದ ಪೂರ್ತಿಯಾಯಿತಲ್ಲ, ಅದರಲ್ಲಿ ಕಲಿಯಲು ಇನ್ನೇನು ಉಳಿದಿದೆ? – ಧಾರವಾಡದ ಓದುಗರು

ಉತ್ತರ: ಮಹಾಯಾಜಕ ವರ್ಷಕ್ಕೊಂದು ದಿನ ಮಾತ್ರ ಅತಿ ಪವಿತ್ರ ಸ್ಥಳಕ್ಕೆ ಹೋಗುತ್ತಿದ್ದ, ಕ್ರಿಸ್ತನು ಒಂದೇ ಸಾರಿ ಎಲ್ಲರಿಗಾಗಿ ಪ್ರವೇಶಿಸಿದನು ಎಂದು ಇಬ್ರಿಯರಿಗೆ ಬರೆದ ಪತ್ರಿಕೆ ಹೇಳುತ್ತದೆ. ಅದು ನಮ್ಮ ನಂಬಿಕೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮಿಷ್ನಾದ ಒಂದು ಮಾತು ನಮ್ಮನ್ನೂ ಚುಚ್ಚಬೇಕು. ಮನುಷ್ಯ ದೇವರಿಗೆ ಮಾಡಿದ ತಪ್ಪಿಗೆ ಆ ದಿನ ಪರಿಹಾರ ಕೊಡುತ್ತದೆ, ಇನ್ನೊಬ್ಬ ಮನುಷ್ಯನಿಗೆ ಮಾಡಿದ ತಪ್ಪಿಗೆ ಅವನನ್ನು ಸಮಾಧಾನ ಮಾಡುವ ತನಕ ಪರಿಹಾರವಿಲ್ಲ. ಅದಕ್ಕೇ ಆ ದಿನಕ್ಕೆ ಮುಂಚೆ ಯೆಹೂದ್ಯರು ಒಬ್ಬರಿಗೊಬ್ಬರು ಕ್ಷಮೆ ಕೇಳುತ್ತಾರೆ. ಕಾಣಿಕೆಯನ್ನು ಬಲಿಪೀಠದ ಮುಂದೆ ಬಿಟ್ಟು, ಮೊದಲು ಸಹೋದರನ ಜೊತೆ ಒಂದಾಗು ಎಂದು ಯೇಸು ಮತ್ತಾಯ 5ರಲ್ಲಿ ಹೇಳಿದ್ದೂ ಇದನ್ನೇ. ಪ್ರಭುಭೋಜನಕ್ಕೆ ಮುಂಚಿನ ವಾರ ಹೀಗೆ ಒಂದು ಫೋನ್ ಮಾಡುವ ರೂಢಿ ನಮ್ಮ ಸಭೆಗಳಲ್ಲಿ ಬಂದರೆ ಎಷ್ಟು ಮುರಿದ ಮನೆಗಳು ಕೂಡಬಹುದು!

ಪ್ರಶ್ನೆ: ಯೆಹೂದ್ಯರು ಯೇಸುವನ್ನು ಒಪ್ಪಲಿಲ್ಲ. ಹಾಗಿರುವಾಗ ಅವರ ಹಬ್ಬಕ್ಕೆ ಈಗ ಅರ್ಥ ಏನು? ಅವರನ್ನು ಹೊಗಳುವುದು ಯಾಕೆ? – ಕೋಲಾರದ ಓದುಗರು

ಉತ್ತರ: ಈ ಪ್ರಶ್ನೆಯ ಹಿಂದೆ ತುಂಬಾ ಹಳೆಯ ಒಂದು ಗಾಯ ಇದೆ, ಅದಕ್ಕೆ ನೇರವಾಗಿ ಹೇಳುತ್ತೇನೆ. 386ರಲ್ಲಿ ಅಂತಿಯೋಕ್ಯದಲ್ಲಿ ಯೋಹಾನ ಕ್ರಿಸೊಸ್ತೊಮ್ ಎಂಬ ಮಹಾ ಬೋಧಕರು ಯೆಹೂದ್ಯರ ಶರತ್ಕಾಲದ ಹಬ್ಬಗಳು ಹತ್ತಿರ ಬರುವಾಗ ಕಟುವಾದ ಪ್ರಸಂಗಗಳನ್ನು ಮಾಡಿದರು. ಕಾರಣ ಏನು ಗೊತ್ತೇ? ಅವರ ಸಭೆಯ ಕ್ರೈಸ್ತರೇ ತುತೂರಿ ಕೇಳಲು, ಉಪವಾಸಕ್ಕೆ ಸೇರಲು ಯೆಹೂದ್ಯರ ಪ್ರಾರ್ಥನಾ ಮಂದಿರವಾದ ಸಿನಗಾಗಿಗೆ ಹೋಗುತ್ತಿದ್ದರು. ಸಾಮಾನ್ಯ ಜನ ಅಕ್ಕಪಕ್ಕದಲ್ಲಿ ಚೆನ್ನಾಗಿಯೇ ಇದ್ದರು. ಆ ಪ್ರಸಂಗಗಳ ಮಾತುಗಳನ್ನು ಮುಂದಿನ ಶತಮಾನಗಳಲ್ಲಿ ದ್ವೇಷಕ್ಕೆ ಬಳಸಿದರು. ಯುರೋಪಿನಲ್ಲಿ ಪವಿತ್ರ ವಾರ ಬಂತೆಂದರೆ ಯೆಹೂದ್ಯರು ಬಾಗಿಲು ಹಾಕಿಕೊಳ್ಳಬೇಕಾದ ಕಾಲ ಇತ್ತು. 1903ರಲ್ಲಿ, ಇಂದಿನ ಮೊಲ್ಡೋವಾದ ಕಿಶಿನೇವ್ ಪಟ್ಟಣದಲ್ಲಿ ಈಸ್ಟರ್ ದಿನವೇ ಗಲಭೆ ಶುರುವಾಗಿ ಸುಮಾರು 50 ಯೆಹೂದ್ಯರು ಸತ್ತರು. ಪುನರುತ್ಥಾನದ ಹಬ್ಬದಲ್ಲಿ ಕೊಲೆ. ಇದನ್ನು ಓದುವಾಗ ನನಗೆ ತಲೆ ಎತ್ತಲು ಆಗುವುದಿಲ್ಲ.

ಬದಲಾವಣೆಯೂ ಆಗಿದೆ. ಕಥೋಲಿಕ ಸಭೆಯ ಶುಭ ಶುಕ್ರವಾರದ ಪ್ರಾರ್ಥನೆಯಲ್ಲಿ ಯೆಹೂದ್ಯರನ್ನು ಹೀಗಳೆಯುತ್ತಿದ್ದ ಪದವನ್ನು 1959ರಲ್ಲಿ ಪೋಪ್ 23ನೇ ಜಾನ್ ತೆಗೆಸಿದರು. 1965ರ ಅಕ್ಟೋಬರ್ 28ರಂದು ಎರಡನೇ ವ್ಯಾಟಿಕನ್ ಸಮ್ಮೇಳನವು ಯೇಸುವಿನ ಸಾವಿನ ಹೊಣೆಯನ್ನು ಅಂದಿನ ಎಲ್ಲ ಯೆಹೂದ್ಯರ ಮೇಲಾಗಲಿ, ಇಂದಿನ ಯೆಹೂದ್ಯರ ಮೇಲಾಗಲಿ ಹೊರಿಸಬಾರದೆಂದು ಘೋಷಿಸಿತು. ಆದರೆ ಪೌಲ ಇದನ್ನು ಮೊದಲೇ ಬರೆದಿದ್ದ. ರೋಮಾ 11ನೇ ಅಧ್ಯಾಯದಲ್ಲಿ ನಾವು ಕಸಿಮಾಡಿದ ಕಾಡು ಎಣ್ಣೆಮರದ ಕೊಂಬೆ. ಬೇರನ್ನು ನಾವು ಹೊತ್ತಿಲ್ಲ, ಬೇರು ನಮ್ಮನ್ನು ಹೊತ್ತಿದೆ. ಹಾಗಾಗಿ ಪಸ್ಕದ ಅರ್ಥ ಯೆಹೂದ್ಯರ ಮನೆಯಲ್ಲಿ ಇವತ್ತಿಗೂ ಜೀವಂತವಾಗಿದೆ. ನಮಗೆ ಅದು ಯೇಸುವಿನ ಮೂಲಕ ಬಂದಿದೆ. ನಮ್ಮ ಅರ್ಥ ನಿಲ್ಲಲು ಅವರ ಅರ್ಥವನ್ನು ಅಳಿಸಬೇಕಾಗಿಲ್ಲ.

ಪ್ರಶ್ನೆ: ಹನುಕ್ಕಾ ಹಬ್ಬ ನಿಮ್ಮ ಪಟ್ಟಿಯಲ್ಲಿ ಇಲ್ಲ. ಅದು ಬೈಬಲಿನಲ್ಲಿ ಇದೆಯೇ? – ದುಬೈಯಿಂದ ಒಬ್ಬ ಕನ್ನಡಿಗರು

ಉತ್ತರ: ಯಾಜಕಕಾಂಡದಲ್ಲಿ ಇರಲು ಸಾಧ್ಯವಿಲ್ಲ, ಹಬ್ಬ ಹುಟ್ಟಿದ್ದು ತುಂಬಾ ಆಮೇಲೆ. ಸಿರಿಯದ ರಾಜ ನಾಲ್ಕನೇ ಅಂತಿಯೋಕ ದೇವಾಲಯವನ್ನು ಹೊಲೆಮಾಡಿದ್ದ. ಕ್ರಿ.ಪೂ. 164ರಲ್ಲಿ ಮಕ್ಕಬಿಯ ಯೂದ ಅದನ್ನು ಮತ್ತೆ ಶುದ್ಧಮಾಡಿ ಪ್ರತಿಷ್ಠಿಸಿದ, ಎಂಟು ದಿನ ಹಬ್ಬ ನಡೆಯಿತು. ಇದನ್ನು ಹೇಳುವ ಮಕ್ಕಬಿಯರ ಪುಸ್ತಕಗಳು ಕಥೋಲಿಕ ಬೈಬಲಿನಲ್ಲಿವೆ, ಪ್ರೊಟೆಸ್ಟಂಟ್ ಬೈಬಲಿನಲ್ಲಿ ಇಲ್ಲ. ಒಂದು ದಿನದ ಎಣ್ಣೆ ಎಂಟು ದಿನ ಉರಿದ ಕಥೆ ಇನ್ನೂ ನಂತರದ್ದು, ಯೆಹೂದ್ಯ ಗುರುಗಳ ಗ್ರಂಥವಾದ ತಾಲ್ಮುದಿನಲ್ಲಿ ಬರುತ್ತದೆ. ಆದರೆ ಹಬ್ಬದ ಹೆಸರು ಹೊಸ ಒಡಂಬಡಿಕೆಯಲ್ಲಿ ಇದೆ. ಯೋಹಾನ 10:22ರ ದೇವಾಲಯ ಪ್ರತಿಷ್ಠೆಯ ಹಬ್ಬ ಅಂದರೆ ಇದೇ. ಚಳಿಗಾಲ, ಯೇಸು ಸೊಲೊಮೋನನ ಮಂಟಪದಲ್ಲಿ ತಿರುಗಾಡುತ್ತಿದ್ದಾರೆ. ದೇವಾಲಯದ ಪ್ರತಿಷ್ಠೆಯನ್ನು ನೆನೆಯುವ ಆ ದಿನಗಳಲ್ಲೇ, ತಂದೆಯು ಪ್ರತಿಷ್ಠಿಸಿ ಲೋಕಕ್ಕೆ ಕಳುಹಿಸಿದವನು ಎಂದು ತಮ್ಮ ಬಗ್ಗೆ ಹೇಳಿಕೊಳ್ಳುತ್ತಾರೆ. 36ನೇ ವಚನ ನೋಡಿ.